ಕೆಂಪಿಯ ದಣಿವು

ಹಳಿಯಾಳದ ನಾಟಾ ವ್ಯಾಪಾರಿ ಕರಿಬಸಪ್ಪ ಸಾಹುಕಾರರ ಮನೆಗೆ ಮುಂಬಯಿಯಿಂದ ಎರಡೇ ಸೀಟಿನ ಕೆಂಪು ಕಾರು ಬಂದಾಗ, ನೋಡಲು ನೆರೆದವರಲ್ಲಿ ಅರ್ಧ ಜನ ನಕ್ಕರು, ಉಳಿದರ್ಧ ಜನ ಹೊಟ್ಟೆ ಉರಿದುಕೊಂಡರು. ರೇಸಿನ ಕಾರು ಅಂತೆ ಅದು. ಮೂಗು ಉದ್ದ, ಬೆನ್ನು ಮೋಟು, ತಲೆಯ ಮೇಲೆ ತಗಡಿಲ್ಲ, ಬರೀ ಬಟ್ಟೆ. ಅದರೊಳಗೆ ಕೂರಬೇಕಾದರೆ ಸಾಹುಕಾರರು ಮೊದಲು ಹೊಟ್ಟೆಯನ್ನು ಒಳಗೆ ಕಳಿಸಿ ಆಮೇಲೆ ತಾವು ಹೋಗಬೇಕಾಗಿತ್ತು. ದೇಶ ಬಿಟ್ಟು ಹೊರಟ ಪಾರ್ಸಿ ಗೆಳೆಯನೊಬ್ಬ ಪ್ರೀತಿಯಿಂದ ಕೊಟ್ಟ ಗಾಡಿ. ಬೇಡವೆನ್ನಲು ಅವರಿಗೂ ಬಾಯಿ ಬರಲಿಲ್ಲ.

ಓಡಿಸಲು ಪರಸಪ್ಪನನ್ನು ಇಟ್ಟರು. ಆ ಸೀಮೆಯಲ್ಲಿ ಅವನಷ್ಟು ನಿಧಾನದ ಡ್ರೈವರ್ ಮತ್ತೊಬ್ಬ ಇರಲಿಲ್ಲ. ಸಾಹುಕಾರರ ನಾಟಾ ಲಾರಿಯನ್ನು ಅಣಶಿಯ ಕಾಡಿನಿಂದ ದಾಂಡೇಲಿಗೆ ವರ್ಷಗಟ್ಟಲೆ ಹೊಡೆದವನು ಅವನು, ಒಮ್ಮೆಯೂ ಎಂಜಿನ್ ಬಿಚ್ಚಿಸಿದವನಲ್ಲ. ಸೂಪಾದ ಹೊಳೆ ದಾಟಿದ ಮೇಲೆ ಒಂದು ದೊಡ್ಡ ಏರು ಬರುತ್ತದೆ. ಅದರ ನೆತ್ತಿಯ ಮೇಲೆ ಮತ್ತಿಮರದ ಬುಡದಲ್ಲಿ ಒಂದು ಕಲ್ಲಿನ ಬಸವಣ್ಣ. ಯಾವ ಲಾರಿಯವನೂ ಅಲ್ಲಿ ನಿಲ್ಲಿಸದೆ ಮುಂದೆ ಹೋಗುತ್ತಿರಲಿಲ್ಲ. ಬಾನೆಟ್ ತೆಗೆದು, ಎಂಜಿನ್ನಿನ ಕಾವು ಇಳಿಯುವ ತನಕ ಬೀಡಿ ಸೇದಿ, ಝರಿಯ ನೀರು ತಂದು ಮೊದಲು ಬಸವಣ್ಣನಿಗೆ, ಆಮೇಲೆ ರೇಡಿಯೇಟರಿಗೆ ಹೊಯ್ಯುವುದು. ಅದಕ್ಕೆ ದಣಿವಾರಿಸುವುದು ಎನ್ನುತ್ತಿದ್ದರು. ಅವಸರದವರು ಕೆಲವೊಮ್ಮೆ ಬೀಡಿ ಬಿಡುತ್ತಿದ್ದರು. ಪರಸಪ್ಪ ಯಾವುದನ್ನೂ ಬಿಟ್ಟವನಲ್ಲ.

ಸಾಹುಕಾರರ ಮನೆಯಲ್ಲಿ ಖಂಡೇನವಮಿಯ ಆಯುಧಪೂಜೆಗೆ ಒಂದು ಪದ್ಧತಿಯಿತ್ತು. ಕೊಡಲಿ, ಗರಗಸ, ಸರಪಳಿ, ಲಾರಿ ಎಲ್ಲಕ್ಕೂ ವಿಭೂತಿ ಬಳಿದು ಪೂಜೆಯಾದ ಮೇಲೆ, ಆಯಾ ಸಾಮಾನು ಹಿಡಿಯುವವನು ಅದರ ಮೇಲೆ ಕೈಯಿಟ್ಟು, ವರ್ಷವಿಡೀ ನನ್ನಿಂದ ಇದಕ್ಕೆ ನೋವಾಗದಿರಲಿ ಎಂದು ಮಾತು ಕೊಡಬೇಕು. ಮಿಕ್ಕವರು ಪ್ರಸಾದದ ಕಡೆ ಕಣ್ಣಿಟ್ಟು ಏನೋ ಗೊಣಗಿ ಮುಗಿಸುತ್ತಿದ್ದರು. ಪರಸಪ್ಪ ಮಾತ್ರ ಕೆಂಪು ಬಾನೆಟ್ ಮೇಲೆ ಎರಡೂ ಕೈಯಿಟ್ಟು ಕಣ್ಣು ಮುಚ್ಚಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. ಹೇಳಿದ ಮೇಲೆ ಅದನ್ನು ನಡೆಸಿಯೂ ನಡೆಸಿದ. ಓಡಲೆಂದೇ ಕಟ್ಟಿದ ಆ ಗಾಡಿ ಹಳಿಯಾಳದಿಂದ ದಾಂಡೇಲಿಗೆ ದೇವರ ಪಲ್ಲಕ್ಕಿಯ ಹಾಗೆ ಬರತೊಡಗಿತು. ಸೈಕಲ್ಲಿನವರು ದಾಟಿ ಹೋಗುವಾಗ ತಿರುಗಿ ನೋಡಿ ಹಲ್ಲು ಕಿರಿಯುತ್ತಿದ್ದರು. ಜನ ಅದಕ್ಕೆ ಆಕಳಿನ ಹೆಸರಿಟ್ಟು ಕೆಂಪಿ ಎಂದು ಕರೆದರು.

ಎಲ್ಲರಿಗಿಂತ ಹೆಚ್ಚು ಚೇಷ್ಟೆ ಮಾಡುತ್ತಿದ್ದವನು ಅವನ ತಮ್ಮ ಶೇಖಪ್ಪ. ತಂದೆ ತಾಯಿ ಹೋದ ಮೇಲೆ ಧಾರವಾಡ ಕಡೆಯ ಹಳ್ಳಿಯಿಂದ ಪರಸಪ್ಪನೇ ಕೈಹಿಡಿದು ಕರೆತಂದು, ದಾಂಡೇಲಿಯ ತನ್ನ ಮನೆಯಲ್ಲಿ ಸಾಕಿ, ಮಾಲವ್ವನನ್ನು ತಂದು ಮದುವೆ ಮಾಡಿದ್ದ. ಅಣಶಿಯ ಕ್ಯಾಂಪಿನಲ್ಲಿ ಲಾರಿಗೆ ದಿಮ್ಮಿ ಏರಿಸುವ ಕೆಲಸ ಅವನದು. ಕಾರು ಕ್ಯಾಂಪಿಗೆ ಬಂದರೆ ಸಾಕು, ಕೆಲಸ ಬಿಟ್ಟು ಓಡಿ ಬಂದು ಅದರ ಸುತ್ತ ಸುಳಿಯುತ್ತಿದ್ದ.

"ಅಣ್ಣಾ, ಇದು ಚಕ್ಕಡಿ ಅಲ್ಲಣ್ಣಾ. ಒಮ್ಮೆರ ಬಿಟ್ಟು ನೋಡು. ಪಾಪ, ಓಡಬೇಕಂತನ ಹುಟ್ಟೇತಿ ಅದು."

"ಎಂಜಿನ್ ಅಂದ್ರ ಎತ್ತಿದ್ದಂಗ ತಮ್ಮಾ," ಎನ್ನುತ್ತಿದ್ದ ಪರಸಪ್ಪ. "ಬಾರಕೋಲು ತಗೊಂಡ್ರ ಓಡ್ತಾವ, ಖರೆ. ಒಂದಿನ ದಾರ್ಯಾಗ ಮೊಣಕಾಲು ಊರತಾವ. ಆವಾಗ ನೀ ಹೊತಗೊಂಡು ಹೋಗ್ತಿಯೇನು?"

"ನಾ ಹೋಗೂದ್ರಾಗ ಒಮ್ಮೆ ನನ್ನ ಕುಂಡ್ರಿಸಿಕೊಂಡು ಓಡಸು, ಅಷ್ಟ ಸಾಕು."

ಇಂಥ ಮಾತನ್ನು ಯಾಕಾದರೂ ಆಡುತ್ತಾರೋ. ಆಡಿದವರಿಗೆ ಮರೆತು ಹೋಗುತ್ತದೆ, ಕೇಳಿದವನಿಗೆ ಉಳಿಯುತ್ತದೆ.

ದಾಂಡೇಲಿಯ ಪೇಟೆಯಲ್ಲಿ ಗ್ಯಾರೇಜು ಇಟ್ಟಿದ್ದ ಅಡಿವೆಯ್ಯ ಮಿಸ್ತ್ರಿ ಹೇಳಿದ್ದೂ ಹೆಚ್ಚು ಕಡಿಮೆ ಶೇಖಪ್ಪನ ಮಾತೇ. ಒಮ್ಮೆ ಪ್ಲಗ್ಗು ಬಿಚ್ಚಿ ಪರಸಪ್ಪನ ಮೂಗಿನ ಕೆಳಗೆ ಹಿಡಿದ.

"ನೋಡಿಲ್ಲಿ, ಎಷ್ಟ ಮಸಿ ಕುಂತೈತಿ. ಜೋರು ಹೊಡದ್ರ ಈ ಎಂಜಿನ್‌ಗೆ ಏನೂ ಆಗಂಗಿಲ್ಲೋ. ತಣ್ಣಗಿದ್ದಾಗ ತುಳೀಬಾರದು, ಎಣ್ಣಿ ಕಮ್ಮಿ ಇದ್ದಾಗ ತುಳೀಬಾರದು, ಅಷ್ಟ. ಬಿಸಿ ಆದಮ್ಯಾಲ ಎಷ್ಟರ ಹೊಡಿ, ತಡಕೊಂತೈತಿ. ಕಟ್ಟಿ ಹಾಕಿದ್ರನ ಇದಕ್ಕ ರೋಗ."

ಪರಸಪ್ಪ ತಲೆಯಾಡಿಸಿದ. ಗಾಡಿ ಕೆಟ್ಟರೆ ರಿಪೇರಿ ಮಾಡುವವನು ಇವನೇ ತಾನೆ, ಹಾಗೆನ್ನದೆ ಇನ್ನೇನು ಹೇಳುತ್ತಾನೆ ಎಂದುಕೊಂಡು ಎಂದಿನ ನಡಿಗೆಯಲ್ಲೇ ಮನೆಗೆ ಹೋದ.

ಆ ಬೇಸಗೆಯಲ್ಲಿ ಒಂದು ದಿನ ಸಾಹುಕಾರರು ದಿಮ್ಮಿಗಳ ಅಳತೆ ನೋಡಲು ಅಣಶಿಗೆ ಹೊರಟರು. ಹಿಂದಿನ ದಿನವೇ ಹೋಗಿ ಕ್ಯಾಂಪಿನಲ್ಲಿ ಉಳಿದರು. ಮರುದಿನ ಕೂಲಿಗಳು ಬೆಳಗಿನ ರೊಟ್ಟಿಯ ಬುತ್ತಿ ಬಿಚ್ಚುವ ಹೊತ್ತಿಗೆ ಲಾರಿಯೊಂದು ತುಂಬಿ ದಾಂಡೇಲಿಯ ಕಡೆ ಹೋಯಿತು. ಅದು ಹೋದ ಸ್ವಲ್ಪ ಹೊತ್ತಿಗೇ ರಾಶಿಯ ಮೇಲಿನ ಸಾಗವಾನಿ ದಿಮ್ಮಿಯೊಂದು ಸರಪಳಿ ಕಳಚಿ ಉರುಳಿತು. ಕೆಳಗೆ ಶೇಖಪ್ಪ ಕೂತು ರೊಟ್ಟಿ ಮುರಿಯುತ್ತಿದ್ದ.

ದಿಮ್ಮಿ ಸರಿಸಿ ನೋಡಿದರೆ ತೊಡೆಯ ಮೂಳೆ ಹೊರಗೆ ಬಂದಿತ್ತು. ಕ್ಯಾಂಪಿನ ಮುಕಾದಮ ಮುದಕಪ್ಪ ತನ್ನ ರುಮಾಲು ಬಿಚ್ಚಿ ತೊಡೆಯ ಬುಡಕ್ಕೆ ಬಿಗಿದು ಕಟ್ಟಿದ. ಬಟ್ಟೆ ನೋಡನೋಡುತ್ತಿದ್ದಂತೆ ತೊಯ್ದು ಹೋಯಿತು. ಕ್ಯಾಂಪಿನಲ್ಲಿ ಇದ್ದ ಗಾಡಿ ಕೆಂಪಿಯೊಂದೇ. ನಾಲ್ಕು ಜನ ಎತ್ತಿ ಶೇಖಪ್ಪನನ್ನು ಅದರೊಳಗೆ ಕೂರಿಸಿದರು. ಮೂರನೆಯವನಿಗೆ ಅಲ್ಲಿ ಜಾಗವಿರಲಿಲ್ಲ.

ಸಾಹುಕಾರರ ಮೋರೆ ಬಿಳಿಚಿಕೊಂಡಿತ್ತು. ಅವರು ಬಾಗಿಲು ಹಿಡಿದು ಬಗ್ಗಿ ಹೇಳಿದರು: "ಹೊಡಿ ಪರಸ್ಯಾ. ಎಂಜಿನ್ ಸುಟ್ಟರ ಸುಡಲಿ. ಇವತ್ತ ಯಾವ ಆಣಿನೂ ಇಲ್ಲ, ಗೀಣಿನೂ ಇಲ್ಲ. ಹೊಡಿ!"

ಸಾಹುಕಾರರನ್ನು ಬಯ್ಯಲು ಬರುವವರು ಈ ಮಾತನ್ನು ನೆನಪಿನಲ್ಲಿಡಬೇಕು. ಪರಸಪ್ಪನಂತೂ ಮರೆಯಲಿಲ್ಲ. ಮರೆಯಲು ಸಾಧ್ಯವಾಗಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಹೊಡೆದ. ಜೋಯಿಡಾ ಬರುವ ತನಕ ನಿಜವಾಗಿಯೂ ಹೊಡೆದ. ಆ ಗಾಡಿಯ ಬಾಯಿಂದ ಅಂಥ ಸದ್ದು ಅವನು ಕೇಳಿಯೇ ಇರಲಿಲ್ಲ. ಕೆಮ್ಮಣ್ಣಿನ ಧೂಳು ಹಿಂದೆ ಕವಿದು ಏನೂ ಕಾಣುತ್ತಿರಲಿಲ್ಲ. ತಲೆ ಹಿಂದಕ್ಕೆ ಒರಗಿಸಿ ಕೂತಿದ್ದ ಶೇಖಪ್ಪ ಕಣ್ಣು ತೆರೆದು, ಬೆಳ್ಳಗಾದ ತುಟಿಯಲ್ಲೇ ನಕ್ಕ.

"ಈಗ ಓಡಾಕತ್ತೈತಿ ನೋಡಣ್ಣಾ."

"ಮಾತಾಡಬ್ಯಾಡ ತಮ್ಮಾ. ಗಟ್ಟಿ ಹಿಡಕೊ."

ಸೂಪಾದ ಹೊಳೆ ದಾಟಿತು, ಏರು ಶುರುವಾಯಿತು. ಬಿಸಿಲು ನೆತ್ತಿಗೆ ಬರುತ್ತಿತ್ತು. ಪರಸಪ್ಪನ ಕಣ್ಣು ಒಮ್ಮೆ ದಾರಿಯ ಮೇಲೆ, ಒಮ್ಮೆ ತಮ್ಮನ ತೊಡೆಯ ಮೇಲೆ, ಒಮ್ಮೆ ಎಂಜಿನ್ನಿನ ಕಾವು ತೋರಿಸುವ ಮುಳ್ಳಿನ ಮೇಲೆ. ಮುಳ್ಳು ಏರುತ್ತಿತ್ತು. ಯಾವತ್ತೂ ಅರ್ಧ ದಾಟದ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿ ನಡುಗುತ್ತಿತ್ತು. ಬಿಸಿ ಎಣ್ಣೆಯ ವಾಸನೆ ಬಂತು. ಈ ಕಾಡಿನಲ್ಲಿ ಎಂಜಿನ್ ಹಿಡಿದು ನಿಂತುಬಿಟ್ಟರೆ? ಸಂಜೆಯವರೆಗೆ ಒಂದು ಲಾರಿ ಬರುತ್ತದೋ ಇಲ್ಲವೋ. ಆಗ ಇವನನ್ನು ಯಾರು ಹೊರಬೇಕು?

ನೆತ್ತಿ ಬಂತು. ಮತ್ತಿಮರ ಬಂತು. ಪರಸಪ್ಪನ ಬಲಗಾಲು ತಾನಾಗಿ ಮೇಲೆದ್ದಿತು.

ತಾನೇ ನಿಲ್ಲಿಸಿದನೋ ಕಾಲು ನಿಲ್ಲಿಸಿತೋ, ಅದು ಅವನಿಗೆ ಕಡೆಯ ತನಕ ಬಗೆಹರಿಯಲಿಲ್ಲ. ಗಾಡಿ ಬಸವಣ್ಣನ ಮುಂದೆ ನಿಂತಿತ್ತು. ಅವನು ಇಳಿದು ಬಾನೆಟ್ ಎತ್ತಿದ. ಬಿಸಿ ಹಬೆ ಮುಖಕ್ಕೆ ಬಡಿಯಿತು. ಕಾದ ಎಂಜಿನ್ನಿಗೆ ತಣ್ಣೀರು ಹೊಯ್ದರೆ ಬಿರುಕು ಬಿಡುತ್ತದೆ ಎಂದು ಲಾರಿಯವರಿಗೆಲ್ಲ ಗೊತ್ತು. ಕಾಯಬೇಕು. ಅವನು ಝರಿಗೆ ಓಡಿ ಡಬ್ಬದಲ್ಲಿ ನೀರು ತಂದು, ಮೊದಲು ಬಸವಣ್ಣನ ಮೇಲೆ ಹೊಯ್ದ. ತಮ್ಮನ ಬಾಯಿಗೂ ಒಂದು ಗುಟುಕು ಹಾಕಿದ.

"ಯಾಕ ನಿಂತಿ?" ಎಂದ ಶೇಖಪ್ಪ.

"ಎಂಜಿನ್ ದಣದೈತಿ ತಮ್ಮಾ. ಒಂಚೂರು ತಡಿ."

ಶೇಖಪ್ಪ ಮಕ್ಕಳನ್ನು ಸಮಾಧಾನ ಮಾಡುವಂಥ ದನಿಯಲ್ಲಿ, "ನನಗ ದಣಿವಿಲ್ಲಣ್ಣಾ. ಹೋಗೂಣು," ಎಂದ.

"ಹೋಗೂಣು, ಹೋಗೂಣು. ಈಗ ಆತು."

ಮುಳ್ಳು ಕೆಳಗಿಳಿಯುವುದನ್ನೇ ನೋಡುತ್ತ ಪರಸಪ್ಪ ನಿಂತ. ಮುಚ್ಚಳಕ್ಕೆ ಬಟ್ಟೆ ಹಿಡಿದು ತಿರುವಿದ, ಕಾದ, ನೀರು ಹೊಯ್ದ, ಬಾನೆಟ್ ಇಳಿಸಿದ. ಇಷ್ಟು ವರ್ಷ ಮಾಡಿದ ಕೆಲಸ, ಎಲ್ಲಿಯೂ ಒಂದು ತಪ್ಪಿಲ್ಲದಂತೆ ಮಾಡಿದ. ತಿರುಗಿ ಬಂದು ಕೂತಾಗ ಸೀಟಿನಿಂದ ಜಾರಿದ ರಕ್ತ ಅವನ ಚಪ್ಪಲಿಯ ತನಕ ಬಂದಿತ್ತು. ಅಲ್ಲಿಂದ ದಾಂಡೇಲಿಯ ತನಕ ಶೇಖಪ್ಪ ಮಾತಾಡಲಿಲ್ಲ.

ದವಾಖಾನೆಯ ಗೇಟಿನ ಮುಂದೆ ಅವನನ್ನು ಗಾಡಿಯಿಂದ ಎತ್ತುವಾಗ ಕಾಗದದ ಗಿರಣಿಯ, ಮಧ್ಯಾಹ್ನದ ಊಟದ ಹೊತ್ತು ಸಾರುವ ಭೋಂಗಾ ಕೂಗಿತು. ಕಂಪೌಂಡರ್ ಮಣಿಕಟ್ಟು ಹಿಡಿದು ನೋಡಿ, ಭೋಂಗಾ ನಿಲ್ಲುವ ತನಕ ಹಿಡಿದುಕೊಂಡೇ ಇದ್ದು, ಮೆಲ್ಲಗೆ ಬಿಟ್ಟ. ಡಾಕ್ಟರು ಬಂದು ಕಣ್ಣಿನ ರೆಪ್ಪೆ ಎತ್ತಿ ನೋಡಿದರು. "ಸ್ವಲ್ಪ ಮೊದಲ ತಂದಿದ್ರ ಏನರ ಮಾಡಬಹುದಿತ್ತು," ಎಂದರು. ಡಾಕ್ಟರುಗಳು ಊರಿಗೆಲ್ಲ ಹೇಳುವ ಮಾತು ಅದು. ಹೇಳಿ ಕೈ ತೊಳೆದುಕೊಂಡು ಊಟಕ್ಕೆ ಹೋಗುತ್ತಾರೆ. ಕೇಳಿದವನು ಏನು ತೊಳೆದುಕೊಳ್ಳಬೇಕು ಎಂದು ಮಾತ್ರ ಹೇಳುವುದಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮಾಲವ್ವ ಗೋಡೆಗೆ ಒರಗಿ ಕೂತು ಕೇಳಿದಳು: "ಭಾವಾ, ದಾರ್ಯಾಗ ಅವ್ರು ಏನರ ಅಂದ್ರೇನು?"

"ಏನೂ ಅನಲಿಲ್ಲವ್ವಾ," ಎಂದ ಪರಸಪ್ಪ. ಅವನ ಹೆಂಡತಿ ಸತ್ತೆವ್ವ ಬಾಗಿಲಲ್ಲಿ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು.

ಇಂಥ ಸಂಗತಿ ಎಷ್ಟು ದಿನ ಮುಚ್ಚಿರುತ್ತದೆ? ಏರಿನ ಮೇಲೆ ಸೌದೆ ಆರಿಸುವ ಹೆಂಗಸರು ನೋಡಿದ್ದರು. ಅವರಿಂದ ಇವರಿಗೆ, ಇವರಿಂದ ಮತ್ತೊಬ್ಬರಿಗೆ ಹರಿದು ಮಾತು ಮಾಲವ್ವನ ಕಿವಿಗೆ ಬಿತ್ತು. ಅಷ್ಟರಲ್ಲಿ ಅವಳು ಗಿರಣಿಯ ಬಿದಿರು ಅಂಗಳದಲ್ಲಿ ಕೂಲಿಗೆ ಹೋಗತೊಡಗಿದ್ದಳು. ಒಂದು ಸಂಜೆ ತಲೆಯ ಸಿಂಬಿ ತೆಗೆದು ಕೈಯಲ್ಲಿ ಹಿಡಿದುಕೊಂಡೇ ಪರಸಪ್ಪನ ಮುಂದೆ ಬಂದು ನಿಂತಳು.

"ಬಸವಣ್ಣನ ಹಂತ್ಯಾಕ ಗಾಡಿ ನಿಲ್ಲಿಸಿದ್ರಂತ, ಭಾವಾ?"

"ಎಂಜಿನ್ ಸುಡತಿತ್ತವ್ವಾ. ನಿಲ್ಲಿಸದಿದ್ರ ಅಲ್ಲೇ ಹಿಡದು ಹೋಗತಿತ್ತು. ದವಾಖಾನಿ ಮುಟ್ಟತಿದ್ದಿಲ್ಲ."

"ಖರೇನೂ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಪರಸಪ್ಪ ತಡೆದುಕೊಳ್ಳುತ್ತಿದ್ದ. ತಿಳಿದುಕೊಳ್ಳಬೇಕೆಂದು ಕೇಳಿದ ಮಾತು ಅದು. "ಖರೆ," ಎಂದನೇನೋ ಹೌದು, ಆದರೆ ಆ ದಿನದಿಂದ ಅವನ ಊಟ ನಿದ್ದೆ ಎರಡೂ ಕೆಟ್ಟವು. ಎಂಜಿನ್ ನಿಜವಾಗಿಯೂ ಹಿಡಿದು ಹೋಗುತ್ತಿತ್ತೆ? ಹೋಗುವಂತಿದ್ದರೆ ಅವನು ತಮ್ಮನ ಒಳ್ಳೆಯದಕ್ಕೇ ನಿಲ್ಲಿಸಿದವನು. ಇಲ್ಲವಾದರೆ ಅವನು ಯಾರು?

ಅಡಿವೆಯ್ಯನ ಗ್ಯಾರೇಜಿಗೆ ಹೋದ. ಮಿಸ್ತ್ರಿ ತಲೆ ಎತ್ತದೆ, ಯಾವುದೋ ನಟ್ಟನ್ನು ಒರೆಸುತ್ತ, "ಹಿಡೀತಿತ್ತು. ಖಾತ್ರಿ ಹಿಡೀತಿತ್ತು. ನೀ ನಿಲ್ಲಿಸಿದ್ದ ಚಲೋ ಆತು," ಎಂದ.

"ಅವತ್ತ ನೀವ ಅಂದಿದ್ರಲ್ಲರೀ, ಬಿಸಿ ಆದಮ್ಯಾಲ ಎಷ್ಟರ ಹೊಡಿ ಅಂತ?"

"ಅದ... ಅದು ಬ್ಯಾರೆ ಮಾತು. ಬಯಲು ದಾರಿ ಮಾತದು." ಆಗಲೇ ಒರೆಸಿ ಮುಗಿದಿದ್ದ ನಟ್ಟನ್ನು ಅಡಿವೆಯ್ಯ ಮತ್ತೆ ಒರೆಸಿದ.

ಒಳ್ಳೆಯ ಮನುಷ್ಯ. ಸುಳ್ಳು ಹೇಳುವುದು ಅವನಿಗೆ ಒಗ್ಗಿ ಬಂದಿರಲಿಲ್ಲ. ಪರಸಪ್ಪ ಹೊರಗೆ ಬಂದ.

ಸೀಟನ್ನು ಎಷ್ಟು ತಿಕ್ಕಿದರೂ ಕಲೆ ಹೋಗಲಿಲ್ಲ. ಸಾಹುಕಾರರಿಗೂ ಅದರ ಮೇಲೆ ಕೂರಲು ಮನಸ್ಸು ಬರಲಿಲ್ಲ. ಮುಂದಿನ ಬೇಸಗೆಯ ಹೊತ್ತಿಗೆ ಮುಂಡಗೋಡದ ಪರಿಚಯದವರೊಬ್ಬರು ಕೇಳಿದರೆಂದು ಕಾರನ್ನು ಕೊಟ್ಟುಬಿಡಲು ಒಪ್ಪಿದರು. "ನಾಳಿದ್ದು ಮುಂಡಗೋಡಕ್ಕ ಮುಟ್ಟಿಸಿ ಬಾ," ಎಂದು ಪರಸಪ್ಪನಿಗೆ ಹೇಳಿದರು. ಅವನು ಕೈಕಟ್ಟಿ ನಿಂತು, "ನಾಳೆ ಒಂದಿನ ಗಾಡಿ ನನಗ ಕೊಡ್ರಿ ಸಾಹುಕಾರ್ರ," ಎಂದ. ಸಾಹುಕಾರರು ಕೀಲಿ ಕೊಟ್ಟು ಒಳಗೆ ಹೋದರು.

ಮರುದಿನ ಅವನು ನಸುಕಿನಲ್ಲೇ ಅಣಶಿಗೆ ಹೋಗಿ, ಕೂಲಿಗಳು ಬುತ್ತಿ ಬಿಚ್ಚುವ ತನಕ ಮರದ ಕೆಳಗೆ ಕಾದ. ಅದೇ ಬಿಸಿಲು, ಅದೇ ಹೊತ್ತು. ದಿಮ್ಮಿ ಉರುಳಿದ ಹೊತ್ತಾಯಿತು ಎನಿಸಿದ ಮೇಲೂ, ಅವತ್ತು ಕಟ್ಟಿ, ಎತ್ತಿ, ಕೂರಿಸಲು ಹಿಡಿದಷ್ಟು ಹೊತ್ತು ಬಿಟ್ಟು ಗಾಡಿ ಹತ್ತಿದ. ಮುದಕಪ್ಪ ದೂರದಿಂದ ನೋಡಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ.

ಪರಸಪ್ಪ ತುಳಿದ. ಖಂಡೇನವಮಿಯ ಮಾತು, ಲಾರಿಯ ರೂಢಿ, ಎಲ್ಲವನ್ನೂ ಕಾಲಡಿ ಹಾಕಿ ತುಳಿದ. ಒಡೆ, ಒಡೆ ನನ್ನವ್ವಾ ಎಂದು ಬಾಯಿಬಿಟ್ಟೇ ಬೇಡಿಕೊಂಡ. ಎಂಜಿನ್ ಒಡೆದರೆ, ಹೊಗೆಯೆದ್ದು ಅದು ಕಾಡಿನ ನಡುವೆ ಸತ್ತು ನಿಂತರೆ, ಆ ಮಸಿಯನ್ನೇ ಹಣೆಗೆ ಹಚ್ಚಿಕೊಂಡು ನಡೆದು ದಾಂಡೇಲಿಗೆ ಹೋಗುತ್ತಿದ್ದ. ಮಾಲವ್ವನ ಮುಂದೆ ತಲೆಯೆತ್ತಿ ಖರೆ ಎನ್ನುತ್ತಿದ್ದ. ಜೋಯಿಡಾ ಹಿಂದಾಯಿತು. ಹೊಳೆ ಹಿಂದಾಯಿತು. ಏರಿನಲ್ಲಿ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದು ಹಾಗೆಯೇ ನಡುಗಿತು, ಅದೇ ಎಣ್ಣೆಯ ವಾಸನೆ ಬಂತು. ಮತ್ತಿಮರ ಕಂಡಾಗ ಬಲಗಾಲು ಮೇಲೇಳಲು ಹವಣಿಸಿತು. ಅವನು ಎಡಗೈಯಿಂದ ಮೊಣಕಾಲನ್ನು ಒತ್ತಿ ಹಿಡಿದ. ಬಸವಣ್ಣ ಪಕ್ಕದಲ್ಲಿ ಹಾದು ಹೋದ.

ನೆತ್ತಿ ದಾಟಿ ದಾರಿ ಇಳಿಜಾರಾಯಿತು. ಗಾಡಿಯ ಮೂಗಿಗೆ ಗಾಳಿ ನುಗ್ಗಿತು. ಮುಳ್ಳು ತಾನಾಗಿಯೇ ಹಿಂದೆ ಸರಿಯಿತು. ಮುಂದಿನ ತಿರುವು ಮುಗಿಯುವಷ್ಟರಲ್ಲಿ ಅದು ಎಂದಿನ ಜಾಗಕ್ಕೆ ಬಂದು ಕೂತಿತ್ತು. ಎಂಜಿನ್ನಿನ ಸದ್ದು ಮೊದಲಿಗಿಂತ ಹಗುರಾಗಿತ್ತು, ವರ್ಷಗಳ ಮಸಿ ಉದುರಿ ಹೋದಂತೆ. ಪರಸಪ್ಪ ಅಳುತ್ತಿದ್ದ. ಕಾಲು ಮಾತ್ರ ತೆಗೆಯಲಿಲ್ಲ.

ದವಾಖಾನೆಯ ಗೇಟಿನ ಮುಂದೆ ನಿಲ್ಲಿಸಿದ. ಭೋಂಗಾ ಕೂಗಿರಲಿಲ್ಲ.

ಕೂಗೀತೆಂದು ಸೀಟಿನಲ್ಲೇ ಕೂತು ಕಾದ. ಕೂಗಲಿಲ್ಲ. ಇಳಿದು ಎದುರಿನ ಗೋದುಬಾಯಿಯ ಚಹಾದಂಗಡಿಗೆ ಹೋಗಿ ಬೆಂಚಿನ ಮೇಲೆ ಕೂತ.

"ಭೋಂಗಾ ಆತೇನ್ರಿ ಬಾಯಿ?"

"ಇನ್ನೂ ಎಲ್ಲಿ? ಅದಕ್ಕ ಭಾಳ ಹೊತ್ತೈತಿ. ಚಹಾ ಕುಡೀರಿ."

ಕುಡಿದ. ಅವಳು ಮತ್ತೊಂದು ತಂದಿಟ್ಟಳು, ಅದನ್ನೂ ಕುಡಿದ. ಅವಳು ಪಾತ್ರೆ ತೊಳೆದು, ಅಂಗಡಿಯ ಮುಂದೆ ನೀರು ಚಿಮುಕಿಸಿ, ಒಲೆಗೆ ಕಟ್ಟಿಗೆ ಒಡ್ಡಿದಳು. ಆ ಹೊತ್ತಿನ ಒಂದೊಂದು ಚೂರೂ ಶೇಖಪ್ಪನದಾಗಿತ್ತು. ಕಡೆಗೆ ಭೋಂಗಾ ಕೂಗಿದಾಗ ಪರಸಪ್ಪ ಬೆಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ.

ಗಿರಣಿಯ ಜನ ಊಟಕ್ಕೆ ಹೊರಬಿದ್ದರು. ಬಿದಿರು ಅಂಗಳದ ಹೆಂಗಸರ ನಡುವೆ ಮಾಲವ್ವ ಇದ್ದಳು. ಕೆಂಪಿ ಧೂಳೆಬ್ಬಿಸಿಕೊಂಡು ಬಂದ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು ಎಂದು ಕಾಣುತ್ತದೆ. ಗುಂಪು ಬಿಟ್ಟು ಗಾಡಿಯ ಹತ್ತಿರ ಬಂದಳು. ಬಾನೆಟ್ ಮೇಲೆ ಕೈಯಿಟ್ಟಳು, ಸುಡುವ ಕಾವು ಇಳಿದು ಅದು ಬರೀ ಬೆಚ್ಚಗಿತ್ತು. ಆಮೇಲೆ ರಸ್ತೆ ದಾಟಿ ಅವನ ಮುಂದೆ ಬಂದು ನಿಂತಳು.

"ಎಲ್ಲೂ ನಿಲ್ಲದ ಬಂದ್ರಿ, ಭಾವಾ?"

"ಹೂಂ."

"ಎಂಜಿನ್‌ಗೆ ಏನರ ಆತೇನು?"

ಪರಸಪ್ಪ ಅವಳ ಮುಖ ನೋಡಲು ಹೋದ, ಆಗಲಿಲ್ಲ. "ಇಲ್ಲವ್ವಾ," ಎಂದ. "ಏನೂ ಆಗಲಿಲ್ಲ."

ಮಾಲವ್ವ ತಲೆಯಾಡಿಸಿದಳು. ಸೆರಗಿನ ತುದಿಗೆ ಕಟ್ಟಿದ್ದ, ಇನ್ನೂ ಬಿಚ್ಚದ ಬುತ್ತಿಯ ಗಂಟನ್ನು ಒಮ್ಮೆ ಬಿಗಿ ಮಾಡಿಕೊಂಡು ಮನೆಯ ಕಡೆ ನಡೆದಳು.